ಅಪ್ಪ ಇಲ್ಲದ ಮನೆಯೋ, ನೀರು ಬರುವ ದಿನವೋ?

ಪ್ರಶ್ನೆ: ಮೇಡಂ, ನಾನು ಕೋಲಾರದ ಗಾಂಧಿನಗರದ ಕಡೆ ವಠಾರದಲ್ಲಿ ಒಂದು ರೂಮು, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಿದ್ದೇನೆ. ನನಗೆ 33 ವರ್ಷ. ನಮ್ಮ ಯಜಮಾನರು ಪೇಂಟಿಂಗ್ ಕೆಲಸ ಮಾಡುತ್ತಿದ್ದರು. ಕುಡಿತ, ಹೊಡೆತ ತಾಳಲಾರದೆ ಮೂರು ವರ್ಷದ ಹಿಂದೆ ಬೇರೆ ಬಂದೆ. ಈಗ ನರಸಾಪುರದ ಕಡೆ ಕಂಪನಿಯೊಂದರಲ್ಲಿ ಕಂಟ್ರಾಕ್ಟ್ ಮೇಲೆ ಪ್ಯಾಕಿಂಗ್ ಕೆಲಸ. ಕೈಗೆ 9,500 ಬರುತ್ತದೆ. ಬೆಳಿಗ್ಗೆ 6:45ಕ್ಕೆ ಕಂಪನಿ ಗಾಡಿ ಹತ್ತಿದರೆ ವಾಪಸ್ ಬರೋದು ರಾತ್ರಿ 7 ಗಂಟೆಗೆ. ಜೊತೆಗೆ ನಮ್ಮಮ್ಮ ಇದ್ದಾರೆ, ಅವರಿಗೆ ಶುಗರ್, ಮಂಡಿ ನೋವು. ದೊಡ್ಡ ಮಗಳಿಗೆ 13 ವರ್ಷ, 8ನೇ ಕ್ಲಾಸು. ಮಗ 5ನೇ ಕ್ಲಾಸು. ಚಿಕ್ಕವಳಿಗೆ 4 ವರ್ಷ, ಅಂಗನವಾಡಿ.

ಮಗಳು ಚುರುಕು. ಆದರೆ ಈ ವರ್ಷ ಹಾಜರಿ ಕಮ್ಮಿ ಅಂತ ಸ್ಕೂಲಿಗೆ ಕರೆಸಿದ್ದರು. ನೀರು ಬರೋ ದಿನ ಅವಳು ಹೋಗೋಕೆ ಆಗಲ್ಲ. ಮಗನಿಗೆ ಓದೋದೇ ಬರಲ್ಲ. ಮೊದಲು ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಶಾಲೆಯಲ್ಲಿದ್ದ. ಮೂರನೇ ಕ್ಲಾಸಲ್ಲಿ ಫೀಸ್ ಕಟ್ಟಲಾಗದೆ ಬಿಡಿಸಿದೆ. ಟಿ.ಸಿ. ಕೊಡದೆ ಸತಾಯಿಸಿದರು, ನಾಲ್ಕು ತಿಂಗಳು ಮನೆಯಲ್ಲೇ ಇದ್ದ. ಆಮೇಲೆ ಸರ್ಕಾರಿ ಶಾಲೆಗೆ ಹಾಕಿದೆ. ಒಬ್ಬರು ಟೀಚರ್ "ಅಪ್ಪ ಇಲ್ಲದ ಮನೆ, ಇನ್ನೇನಾಗುತ್ತೆ" ಅಂದುಬಿಟ್ಟರು. ಅವತ್ತಿಂದ ನನಗೆ ನಿದ್ದೆ ಇಲ್ಲ. ಮಕ್ಕಳಿಗೋಸ್ಕರ ಗಂಡನ ಜೊತೆ ರಾಜಿ ಆಗು ಅಂತ ಅಣ್ಣ ಹೇಳುತ್ತಾನೆ. ಮಗಳನ್ನು ಬೆಂಗಳೂರಿಗೆ ತಮ್ಮನ ಮನೆಗೆ ಕಳಿಸು ಅಂತಾರೆ ಅಮ್ಮ. ಅವನಿಗೆ ಚಿಕ್ಕ ಮಗು ಇದೆ. ಪಕ್ಕದ ಮನೆಯವರು ಮಗನನ್ನು ಹಾಸ್ಟೆಲಿಗೆ ಹಾಕು ಅಂತಾರೆ. ನನಗೇನೋ ಕೆಲಸ ಬಿಟ್ಟು ಮನೆಯಲ್ಲಿ ಇದ್ದುಬಿಡೋಣ ಅನಿಸುತ್ತದೆ. ನಾನು ಬೇರೆ ಬಂದಿದ್ದರಿಂದಲೇ ಮಕ್ಕಳ ಓದು ಹಾಳಾಯ್ತಾ? ರೇಷನ್ ಕಾರ್ಡು ಇನ್ನೂ ಅತ್ತೆ ಮನೆಯಲ್ಲೇ ಇದೆ. ಸ್ಕೂಲ್ ಫಾರಂಗೆ ಅಪ್ಪನ ಸಹಿ ಬೇಕು ಅಂತಾರೆ, ಏನು ಮಾಡಲಿ?

ಉತ್ತರ:

ನೋಡಿ ಅಮ್ಮಾ, ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆ ಇವೆ. ನಿದ್ದೆ ಕೆಡಿಸಿರೋದು ಮಾತ್ರ ಒಂದೇ. "ನಾನು ಮನೆ ಒಡೆದೆ, ಅದಕ್ಕೆ ಮಕ್ಕಳು ಹೀಗಾದರು" ಅನ್ನೋ ಅಳುಕು. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಅಲ್ಲ. ನಿಮ್ಮನ್ನು ಸಮಾಧಾನ ಮಾಡೋಕೆ ಈ ಮಾತು ಹೇಳುತ್ತಿಲ್ಲ. ನೀವು ಬರೆದ ವಿವರಗಳೇ ಬೇರೆ ಕಾರಣ ತೋರಿಸುತ್ತಿವೆ. ಇಡೀ ಪತ್ರದಲ್ಲಿ ನಾನು ಪೆನ್ನಿನಿಂದ ಗೆರೆ ಎಳೆದದ್ದು, ನೀವು ಸುಮ್ನೆ ಹಾಗೇ ಬರೆದು ಮುಂದೆ ಹೋದ ಒಂದು ಸಾಲಿಗೆ. "ನೀರು ಬರೋ ದಿನ ಅವಳು ಹೋಗೋಕೆ ಆಗಲ್ಲ."

ಕೋಲಾರದ ಶಾಲೆಗಳಲ್ಲಿ, ವಠಾರಗಳಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ಓಡಾಡಿದ್ದೇನೆ. ಒಂದು ಶಾಲೆಯ ಮುಖ್ಯ ಶಿಕ್ಷಕಿ ಒಮ್ಮೆ ನನ್ನನ್ನು ಕರೆಸಿದ್ದರು. ಏಳು, ಎಂಟನೇ ತರಗತಿಯ ಕೆಲವು ಹುಡುಗಿಯರು ವಾರಕ್ಕೊಂದು ದಿನ ಬರುತ್ತಿರಲಿಲ್ಲ. "ಮನೆ ಸರಿ ಇಲ್ಲ, ಅದಕ್ಕೇ" ಅಂತ ಅವರೂ ಅಂದುಕೊಂಡಿದ್ದರು. ಹಾಜರಿ ಪುಸ್ತಕ ಬಿಚ್ಚಿಟ್ಟುಕೊಂಡು ಇಬ್ಬರೂ ಕೂತು ಗೈರುಹಾಜರಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆವು. ಒಂದು ಬೀದಿಯ ಹುಡುಗಿಯರೆಲ್ಲ ಒಂದೇ ದಿನ ತಪ್ಪಿಸಿದ್ದರು, ಇನ್ನೊಂದು ಬೀದಿಯವರು ಬೇರೆ ದಿನ. ಸಂತೆ ಇರಬೇಕು, ಪೂಜೆ ಇರಬೇಕು ಅಂತ ನಾವು ತಲೆ ಕೆರೆದುಕೊಳ್ಳುತ್ತಿದ್ದೆವು. ಬಿಸಿಯೂಟದ ಅಡುಗೆಯವರು ಟೀ ಇಡೋಕೆ ಬಂದವರು ಬಗ್ಗಿ ನೋಡಿ, "ಅದು ನಮ್ಮ ಬೀದಿಗೆ ನೀರು ಬಿಡೋ ದಿನ ಅಲ್ವಾ ಮೇಡಂ" ಅಂದರು. ಆ ಹುಡುಗಿಯರಲ್ಲಿ ಹೆಚ್ಚಿನವರ ಮನೆಯಲ್ಲಿ ಅಪ್ಪ ಇದ್ದರು. ಇದ್ದು ಏನು? ನೀರು ಬಂದಾಗ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕುಡಿಯುವ ನೀರಿಗೆ ಅಂತಲೇ ಕಟ್ಟಿದ ಯರಗೋಳ್ ಅಣೆಕಟ್ಟು 2023ರಲ್ಲಿ ಉದ್ಘಾಟನೆ ಆದರೂ ನಿಮ್ಮ ಬೀದಿಯ ಕಥೆ ನೀವೇ ಬರೆದಿದ್ದೀರಿ. ನೀರಿಗಾಗಿ ಕಾಯುವುದು ಒಂದು ಕೆಲಸ. ಬಡವರ ಬೀದಿಯಲ್ಲಿ ಆ ಕೆಲಸ ಹಿರಿ ಮಗಳ ಪಾಲಿಗೆ ಬರುತ್ತದೆ, ಯಾರೂ ಕೂತು ತೀರ್ಮಾನ ಮಾಡಿ ಹಂಚಿದ್ದಲ್ಲ.

ಈಗ ಆ ಟೀಚರ್ ಮಾತಿಗೆ ಬರೋಣ. ಪೂರ್ತಿ ಸುಳ್ಳು ಅಂತ ತಳ್ಳಿಹಾಕುವ ಹಾಗೂ ಇಲ್ಲ. ಅಮೆರಿಕದಲ್ಲಿ ಸಾರಾ ಮೆಕ್‌ಲನಹನ್ ಮತ್ತು ಗ್ಯಾರಿ ಸ್ಯಾಂಡಿಫರ್ ಎಂಬ ಸಮಾಜಶಾಸ್ತ್ರಜ್ಞರು ಇದನ್ನೇ ದೊಡ್ಡ ಮಟ್ಟದಲ್ಲಿ ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದರು. ಅಪ್ಪ ಅಮ್ಮ ಇಬ್ಬರೂ ಇರುವ ಮನೆಯ ಮಕ್ಕಳಿಗಿಂತ ಒಬ್ಬರೇ ಸಾಕುವ ಮನೆಯ ಮಕ್ಕಳು ಹೈಸ್ಕೂಲು ಅರ್ಧಕ್ಕೆ ಬಿಡುವ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ ಅವರಿಗೆ ಕಂಡಿತು. ಜನ ಇಷ್ಟನ್ನೇ ಹಿಡಿದುಕೊಳ್ಳುತ್ತಾರೆ. ಅವರು ಹೇಳಿದ ಮುಂದಿನ ಮಾತು ಬಿಟ್ಟುಬಿಡುತ್ತಾರೆ. ಆ ವ್ಯತ್ಯಾಸದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬರೀ ದುಡ್ಡಿನ ಕೊರತೆಯಿಂದ ಬಂದದ್ದು. ಉಳಿದದ್ದರಲ್ಲೂ ದೊಡ್ಡ ಪಾಲು, ಮಕ್ಕಳ ಮೇಲೆ ಕಣ್ಣಿಡಲು ದೊಡ್ಡವರಿಗೆ ಸಮಯ ಸಿಗದ್ದು ಮತ್ತು ಮನೆ, ಶಾಲೆ ಪದೇ ಪದೇ ಬದಲಾಗುವುದು. ಅಂದರೆ ಅಪ್ಪ ಹೋದಾಗ ಅವನ ಜೊತೆ ಏನೇನು ಹೋಯಿತು ಅನ್ನೋದು ಮುಖ್ಯ. ಸಂಬಳ ಹೋಯಿತಾ, ಮನೆ ಹೋಯಿತಾ, ಶಾಲೆ ಹೋಯಿತಾ? ಇವುಗಳಲ್ಲಿ ಹಲವನ್ನು ಅಪ್ಪನಿಲ್ಲದೆಯೂ ವಾಪಸ್ ತರಬಹುದು.

ಅದು ಅಮೆರಿಕದ ಲೆಕ್ಕ, ನಮ್ಮಲ್ಲಿ ಅಜ್ಜಿ ಇರುತ್ತಾರೆ, ಅತ್ತೆ ಇರುತ್ತಾರೆ ಅನ್ನಬಹುದು. ನಿಜ. ಅಜ್ಜಿ ಇರುವ ಮನೆಯಲ್ಲಿ ಮಗು ಶಾಲೆಯಿಂದ ಬಂದಾಗ ಬಾಗಿಲು ತೆರೆದಿರುತ್ತದೆ. ಅದು ದೊಡ್ಡದು. ಆದರೆ ಅಜ್ಜಿಗೆ ಶುಗರ್ ಮಾತ್ರೆ ಕೊಡಬೇಕು, ಬಿಸಿನೀರು ಕಾಯಿಸಿಕೊಡಬೇಕು ಅಂದಾಗ ಆ ಅಜ್ಜಿಯೂ ಮೊಮ್ಮಗಳ ಕೆಲಸದ ಪಟ್ಟಿಗೆ ಸೇರುತ್ತಾರೆ. ಕೂಡು ಕುಟುಂಬದಲ್ಲಿ ಮಕ್ಕಳು ಚೆನ್ನಾಗಿ ಓದುತ್ತಾರೆ ಅನ್ನೋ ಮಾತನ್ನೂ ನಾನು ಅಷ್ಟಾಗಿ ನಂಬಲ್ಲ. ಒಂದೇ ರೂಮಿನಲ್ಲಿ ಎಂಟು ಜನ, ರಾತ್ರಿ ಹನ್ನೊಂದರವರೆಗೆ ಸೀರಿಯಲ್ಲು. ಪುಸ್ತಕ ಬಿಚ್ಚೋಕೆ ಮೂಲೆ ಎಲ್ಲಿದೆ?

ಹಾಗೇ, ಅಪ್ಪ ಇರುವ ಮನೆಯಲ್ಲಿ ಎಲ್ಲ ಸರಿ ಅಂತಲೂ ಇಲ್ಲ. ಏಳನೇ ತರಗತಿಯ ಒಬ್ಬ ಹುಡುಗ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾನೆ ಅಂತ ನನ್ನ ಹತ್ತಿರ ಕಳಿಸಿದ್ದರು. ಅಪ್ಪ ಅಮ್ಮ ಇಬ್ಬರೂ ಇದ್ದರು, ಕುಡಿತ ಇಲ್ಲ, ಜಗಳ ಇಲ್ಲ. ಅವನ ಕೈ ನೋಡಿದೆ. ಬೆರಳ ಸಂದಿಯಲ್ಲಿ ಹಸಿರು ಕಪ್ಪು ಕಲೆ, ಟೊಮೆಟೊ ತೊಟ್ಟಿನದ್ದು. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಜೂನ್, ಜುಲೈ ಬಂದರೆ ಟೊಮೆಟೊ ಲೋಡು ಜಾಸ್ತಿ. ಬೆಳಗಿನ ಜಾವವೇ ಮಗನನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು, ಬಾಕ್ಸ್ ಜೋಡಿಸೋಕೆ, ಹಣ್ಣು ಆರಿಸೋಕೆ. ಶಾಲೆ ಶುರುವಾಗುವುದೂ ಆಗಲೇ, ಸೀಸನ್ ಶುರುವಾಗುವುದೂ ಆಗಲೇ. ಆ ಮನೆಯ ಬಗ್ಗೆ ಯಾವ ಟೀಚರೂ "ಅಪ್ಪ ಇರೋ ಮನೆ, ಇನ್ನೇನಾಗುತ್ತೆ" ಅನ್ನಲಿಲ್ಲ!

ಹಾಗಾಗಿ ನಾನು ಕುಟುಂಬ ಯಾವ ಥರದ್ದು ಅಂತ ಕೇಳೋದನ್ನು ಬಿಟ್ಟು ಬಹಳ ಕಾಲ ಆಯಿತು. ಗಂಟೆಗಳ ಲೆಕ್ಕ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಬೆಳಿಗ್ಗೆ 6:45ರಿಂದ ಶಾಲೆ ಶುರುವಾಗುವವರೆಗೆ ಮೂರು ಗಂಟೆ ಹತ್ತಿರ ಇದೆ. ಆ ಹೊತ್ತಿನಲ್ಲಿ ಯಾರು ಏನು ಮಾಡುತ್ತಾರೆ? ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ. ಚಿಕ್ಕವಳ ತಲೆ ಬಾಚೋದು, ತಿಂಡಿ, ಅಜ್ಜಿ ಮಾತ್ರೆ, ತಮ್ಮನನ್ನು ಎಬ್ಬಿಸೋದು, ಅಂಗನವಾಡಿ ಬಾಗಿಲು ತೆಗೆಯುವವರೆಗೆ ತಂಗಿಯನ್ನು ಕಾಯೋದು. ಎಲ್ಲ ಒಬ್ಬಳೇ. ಅವಳು ಎಂಟನೇ ಕ್ಲಾಸಿನ ಹುಡುಗಿ, ಜೊತೆಗೆ ಅರ್ಧ ಅಮ್ಮ.

ಅವಳ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ. ಮಗನ ತೊಂದರೆ ಎಲ್ಲರಿಗೂ ಕಾಣುತ್ತದೆ, ಇವಳದ್ದು ಕಾಣಲ್ಲ. ನಮ್ಮ ರಾಜ್ಯದಲ್ಲಿ ಸತತ ಏಳು ದಿನ ಕಾರಣವಿಲ್ಲದೆ ಬಾರದ ಮಗುವನ್ನು ಶಾಲೆ ಬಿಟ್ಟ ಮಗು ಅಂತ ಗುರುತಿಸಿ ಹುಡುಕಿಕೊಂಡು ಹೋಗಬೇಕು ಎಂಬ ನಿಯಮ ಇದೆ. ವಾರಕ್ಕೊಂದು ದಿನ ತಪ್ಪಿಸುವವಳು ಆ ಬಲೆಗೆ ಬೀಳೋದೇ ಇಲ್ಲ. ಒಂದು ದಿನ ಹೋದರೆ ಗಣಿತದ ಒಂದು ಮೆಟ್ಟಿಲು ಹೋಗುತ್ತದೆ. ಇನ್ನೊಂದು ವಾರ ಇನ್ನೊಂದು. ಒಂಬತ್ತನೇ ತರಗತಿಗೆ ಬರುವಾಗ "ನನಗೆ ತಲೆಗೆ ಹತ್ತಲ್ಲಮ್ಮ, ಬಿಟ್ಟುಬಿಡುತ್ತೇನೆ" ಅಂತ ಅವಳೇ ಹೇಳುತ್ತಾಳೆ. ಆಗ ಎಲ್ಲರೂ ಅವಳ ಇಷ್ಟ ಅಂದುಕೊಳ್ಳುತ್ತಾರೆ. ಕಡ್ಡಾಯ ಶಿಕ್ಷಣದ ಕಾನೂನು ಕಾಯುವುದು 14 ವರ್ಷದವರೆಗೆ ಮಾತ್ರ. ನಿಮ್ಮ ಮಗಳಿಗೆ ಈಗ 13.

ಮಾಡಬೇಕಾದದ್ದು ದೊಡ್ಡದೇನಲ್ಲ. ನಲ್ಲಿಯಿಂದ ಡ್ರಮ್ಮಿನವರೆಗೆ ಸಾಕಾಗುವಷ್ಟು ಉದ್ದದ ಪೈಪು ತನ್ನಿ. ಸಾಧ್ಯವಾದರೆ ಇನ್ನೊಂದು ನೀಲಿ ಡ್ರಮ್ಮು. ಪೈಪ್ ಹಿಡಿದು ಸ್ಟೂಲಿನ ಮೇಲೆ ಕೂರೋಕೆ ಮಂಡಿ ಬೇಕಿಲ್ಲ, ಅಜ್ಜಿ ಕೂರಲಿ. ವಠಾರದಲ್ಲಿ ಹಗಲು ಮನೆಯಲ್ಲಿರುವ ಒಬ್ಬರನ್ನಾದರೂ ಕೇಳಿ, ಡ್ರಮ್ಮು ಬದಲಿಸಿ ಕೊಡಲಿ, ಭಾನುವಾರ ಅವರಿಗೆ ನೀವು ಏನಾದರೂ ಮಾಡಿಕೊಡಿ. ಚಿಕ್ಕವಳನ್ನು ಅಂಗನವಾಡಿಗೆ ಬಿಡೋಕೆ ತಮ್ಮ ಮಗುವನ್ನು ಬಿಡಲು ಹೋಗುವ ಯಾರನ್ನಾದರೂ ಒಪ್ಪಿಸಿ. ತಿಂಗಳಿಗೆ ಒಂದಿಷ್ಟು ದುಡ್ಡು ಕೊಟ್ಟರೂ ನಷ್ಟವಿಲ್ಲ, ಮಗಳ ಹಾಜರಿಗೆ ಅಷ್ಟು ಬೆಲೆ ಇದೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ಮನೆ ಕೆಲಸದ ಬಗ್ಗೆ ಬರೆದಾಗ ಮಗನ ಹೆಸರೇ ಇಲ್ಲ. ಹತ್ತು ವರ್ಷದ ಹುಡುಗ ತಂಗಿಗೆ ಚಪ್ಪಲಿ ಹಾಕಬಲ್ಲ, ಅಜ್ಜಿಗೆ ಮಾತ್ರೆ ಕೊಡಬಲ್ಲ, ಹಿಂದಿನ ರಾತ್ರಿ ಕೊಡ ತೊಳೆದಿಡಬಲ್ಲ. ಗಂಡು ಹುಡುಗನಿಗೆ ಯಾಕೆ ಅಂತ ಅಜ್ಜಿ ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಇನ್ನು ಆ ಹುಡುಗನ ಓದು. ಅವನಿಗೆ ಓದೋಕೆ ಬರದಿರುವುದು ಅಪ್ಪ ಇಲ್ಲ ಅಂತ ಅಲ್ಲ. ಮೂರನೇ ತರಗತಿಯವರೆಗೆ ಇಂಗ್ಲಿಷ್ ಅಕ್ಷರ. ಅರ್ಥವಾಗದೆ ಬಾಯಿಪಾಠ. ಆಮೇಲೆ ನಾಲ್ಕು ತಿಂಗಳು ಏನೂ ಇಲ್ಲ. ಆಮೇಲೆ ಒಮ್ಮೆಲೇ ಕನ್ನಡ ಮೀಡಿಯಂ, ಅಲ್ಲಿ ಬೇರೆ ಮಕ್ಕಳು ಒತ್ತಕ್ಷರ ಮುಗಿಸಿ ಪಾಠ ಓದುತ್ತಿದ್ದಾರೆ. ನಮ್ಮ ಕೋಲಾರದಲ್ಲಿ ಮನೆ ಮಾತು ತೆಲುಗೋ ಉರ್ದುವೋ ತಮಿಳೋ ಆಗಿದ್ದರೆ ಇನ್ನೂ ಒಂದು ಗಂಟು. ಈ ಹುಡುಗ ದಡ್ಡ ಅಲ್ಲ, ಅವನಿಗೆ ಕಾಗುಣಿತ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಅಂದಹಾಗೆ, ಆ ನಾಲ್ಕು ತಿಂಗಳು ಮನೆಯಲ್ಲಿ ಕೂರಿಸಬೇಕಾದ ಅಗತ್ಯವೇ ಇರಲಿಲ್ಲ. ಟಿ.ಸಿ. ತಡವಾಯಿತು ಅಂತ ಬೇರೆ ಶಾಲೆಯವರು ಪ್ರವೇಶ ತಡ ಮಾಡುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಿಮಗೆ ಆಗ ಯಾರೂ ಹೇಳಲಿಲ್ಲ. ಇದನ್ನು ಓದುತ್ತಿರುವ ಬೇರೆಯವರಾದರೂ ನೆನಪಿಟ್ಟುಕೊಳ್ಳಲಿ.

ಅವನ ಟೀಚರ್ ಹತ್ತಿರ "ಇವನಿಗೆ ಓದು ಹೇಳಿಕೊಡಿ" ಅನ್ನಬೇಡಿ. "ಇವನು ಯಾವ ಅಕ್ಷರದವರೆಗೆ ಬರುತ್ತಾನೆ, ಒತ್ತಕ್ಷರ ಬರುತ್ತಾ ಅಂತ ನೋಡಿ ಹೇಳಿ" ಅನ್ನಿ. ಆಗ ಅವರೂ ಸರಿಯಾಗಿ ನೋಡುತ್ತಾರೆ. ಮನೆಯಲ್ಲಿ ರಾತ್ರಿ ಇಪ್ಪತ್ತು ನಿಮಿಷ, ಎರಡನೇ ತರಗತಿ ಪುಸ್ತಕ. ಐದನೇ ತರಗತಿಯದ್ದು ಬೇಡ. ಅಕ್ಕ ಹೇಳಿಕೊಡುತ್ತಾಳೆ ಅಂತ ಆ ಕೆಲಸವನ್ನೂ ಅವಳ ಮೇಲೆ ಹಾಕಬೇಡಿ. ನೀವು ಅನ್ನಕ್ಕೆ ಇಟ್ಟು ಪಕ್ಕದಲ್ಲಿ ಕೂರಿಸಿಕೊಂಡರೂ ಸಾಕು, ಅವನು ಗಟ್ಟಿಯಾಗಿ ಓದಲಿ.

ಈಗ ನಾಲ್ಕು ಜನ ಹೇಳಿದ ನಾಲ್ಕು ದಾರಿ.

ಗಂಡನ ಜೊತೆ ರಾಜಿ. ಅವರು ಕುಡಿತ ಬಿಟ್ಟು, ಹೊಡೆತ ಬಿಟ್ಟು ಒಂದಷ್ಟು ಕಾಲ ಆಗಿದ್ದರೆ ಮಾತು ಬೇರೆ. ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ರಾತ್ರಿ ಬಾಗಿಲು ಬಡಿಯುವ ಸದ್ದಿಗೆ ಕಿವಿ ಕೊಟ್ಟು ಮಲಗುವ ಮಗು ಬೆಳಿಗ್ಗೆ ಕ್ಲಾಸಿನಲ್ಲಿ ಕೂತರೂ ಅಲ್ಲಿ ಇರುವುದಿಲ್ಲ. ಅಂಥ ಮಕ್ಕಳನ್ನು ನಾನು ತುಂಬ ನೋಡಿದ್ದೇನೆ. ಮಕ್ಕಳಿಗೆ ಅಪ್ಪ ಬೇಕು ಅನ್ನುವ ನಿಮ್ಮ ಅಣ್ಣನಿಗೆ, ಅಪ್ಪನಿಂದ ಮಕ್ಕಳಿಗೆ ಬರಬೇಕಾದ ದುಡ್ಡಿನ ಬಗ್ಗೆಯೂ ಮಾತಾಡೋಕೆ ಹೇಳಿ. ಜೀವನಾಂಶ ಕೇಳೋಕೆ ವಿಚ್ಛೇದನ ಆಗಿರಬೇಕಿಲ್ಲ. ಹಿಂದೆ ಸಿಆರ್‌ಪಿಸಿ 125 ಅನ್ನುತ್ತಿದ್ದದ್ದು, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ತೊಂದರೆ ಏನೆಂದರೆ, ಆದೇಶ ಸಿಕ್ಕರೂ ದಿನಗೂಲಿ ಪೇಂಟರ್ ಹತ್ತಿರ ತಿಂಗಳು ತಿಂಗಳು ವಸೂಲಿ ಮಾಡೋದು ಕಷ್ಟ. ಆ ದುಡ್ಡು ಬಂದೇ ಬರುತ್ತದೆ ಅಂತ ಲೆಕ್ಕ ಹಾಕಿ ಸಾಲ ಮಾಡಬೇಡಿ.

ಮಗಳನ್ನು ಬೆಂಗಳೂರಿಗೆ ಕಳಿಸುವುದು. ನಾಲ್ಕರಲ್ಲಿ ನನಗೆ ಒಂದಿಷ್ಟೂ ಇಷ್ಟವಿಲ್ಲದ್ದು ಇದು. ತಮ್ಮ ಒಳ್ಳೆಯವನೇ ಇರಬಹುದು. ಆದರೆ ಅವರ ಮನೆಯಲ್ಲಿ ಚಿಕ್ಕ ಮಗು ಇದೆ ಅಂತ ನೀವೇ ಬರೆದಿದ್ದೀರಿ. ಇಲ್ಲಿ ತಂಗಿಯನ್ನು ನೋಡಿಕೊಳ್ಳುವವಳು ಅಲ್ಲಿ ಮಾವನ ಮಗುವನ್ನು ನೋಡಿಕೊಳ್ಳುತ್ತಾಳೆ. ಕೆಲಸ ಅದೇ, ಕೇಳುವ ಅಮ್ಮ ಮಾತ್ರ ಇರಲ್ಲ. ಎಂಟನೇ ತರಗತಿ ಮಧ್ಯದಲ್ಲಿ ಶಾಲೆ ಬದಲಿಸಿದರೆ ಮಗನಿಗೆ ಆದದ್ದೇ ಇವಳಿಗೂ ಆಗಬಹುದು. ನೆಂಟರ ಮನೆಗೆ ಹೋದ ಹುಡುಗಿಯರಿಗೆ ಎರಡು ಮೂರು ವರ್ಷದಲ್ಲಿ ಮದುವೆ ಮಾತು ಶುರುವಾಗುವುದನ್ನೂ ಕಂಡಿದ್ದೇನೆ. ಹಾಗೇನಾದರೂ ಎದ್ದರೆ, ಇಲ್ಲಿರಲಿ ಅಲ್ಲಿರಲಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಅವಳಿಗೂ ಹೇಳಿಕೊಟ್ಟಿರಿ.

ಮಗನಿಗೆ ಹಾಸ್ಟೆಲು. ಇದು ಕೆಟ್ಟ ಸಲಹೆ ಅಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಆರನೇ ತರಗತಿಯಿಂದ ಪ್ರವೇಶ, ಅದಕ್ಕೆ ಐದನೇ ತರಗತಿಯಲ್ಲಿ ಇರುವಾಗಲೇ ಅರ್ಜಿ ಹಾಕಿ ಪರೀಕ್ಷೆ ಬರೆಯಬೇಕು. ನಿಮ್ಮ ಹುಡುಗನಿಗೆ ಸರಿಯಾದ ಸಮಯ, ಆದರೆ ಓದೋಕೆ ಬಾರದವನಿಗೆ ಆ ಪರೀಕ್ಷೆ ಕಷ್ಟ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಬಡ ಮಕ್ಕಳು ಉಚಿತವಾಗಿ ಇದ್ದು ಓದುತ್ತಾರೆ, ವಿಚಾರಿಸಬಹುದು. ನನ್ನ ಹಿಂಜರಿಕೆ ಎರಡು. ಅಪ್ಪ ಬಿಟ್ಟು ಹೋದ, ಈಗ ಅಮ್ಮನೂ ಕಳಿಸಿಬಿಟ್ಟಳು ಅಂತ ಹತ್ತು ವರ್ಷದ ಮನಸ್ಸು ತಿಳಿದುಕೊಳ್ಳಬಹುದು. ಹೋಗುವ ಮುಂಚೆ ಅವನನ್ನೇ ಕರೆದುಕೊಂಡು ಹೋಗಿ ತೋರಿಸಿ, ಅವನು ಹೂಂ ಅಂದರೆ ಮಾತ್ರ ಸೇರಿಸಿ. ಎರಡನೆಯದು, ಅವನು ಹಾಸ್ಟೆಲಿಗೆ ಹೋದರೆ ಮಗಳ ಬೆಳಗಿನ ಮೂರು ಗಂಟೆ ಹಾಗೇ ಉಳಿಯುತ್ತದೆ. ಹೊರೆ ಹೊತ್ತವಳನ್ನು ಬಿಟ್ಟು ಬೇರೆಯವನನ್ನು ಇಳಿಸಿದ ಹಾಗೆ.

ಕೆಲಸ ಬಿಡುವುದು. ಬೇಡ. ಸಂಬಳ ನಿಂತರೆ ಎರಡು ತಿಂಗಳಲ್ಲಿ ಬಾಡಿಗೆ, ಆಮೇಲೆ ಮನೆ ಬದಲು, ಆಮೇಲೆ ಮತ್ತೆ ಶಾಲೆ ಬದಲು. ಅದರ ಬದಲು ಕಂಪನಿಯಲ್ಲೇ ಒಂದು ವಿಷಯ ಕೇಳಿ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ ಕಾನೂನು ಇದೆ. ನಿಮ್ಮ ಚಿಕ್ಕವಳಿಗೆ 4 ವರ್ಷ. ಆದರೆ ಒಬ್ಬರೇ ಹೋಗಿ ಕೇಳಬೇಡಿ. ಕಂಟ್ರಾಕ್ಟ್ ಮೇಲಿರುವವರು ಒಬ್ಬರೇ ಬಾಯಿ ತೆರೆದರೆ ಮುಂದಿನ ತಿಂಗಳು ಹೆಸರೇ ಇರಲ್ಲ. ಚಿಕ್ಕ ಮಕ್ಕಳಿರುವ ಹತ್ತು ಜನ ಸೇರಿ ಕೇಳಿ. ಸಿಗದಿದ್ದರೆ, ಅಂಗನವಾಡಿ ಮತ್ತು ಪಕ್ಕದ ಮನೆಯವರೇ ಗತಿ, ಸದ್ಯಕ್ಕೆ ಅದೂ ಸಾಕು.

ದುಡ್ಡಿನ ವಿಷಯದಲ್ಲಿ ಎರಡು ಮಾತು. ರೇಷನ್ ಕಾರ್ಡು ಅತ್ತೆ ಮನೆಯಲ್ಲಿದ್ದರೆ ಅದರಲ್ಲಿ ಮನೆಯ ಯಜಮಾನಿ ಅವರೇ ಆಗಿರುತ್ತಾರೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಹೋಗುವುದು ಯಜಮಾನಿಗೆ. ನಿಮ್ಮ ಮತ್ತು ಮಕ್ಕಳ ಹೆಸರು ತೆಗೆಸಿ ಬೇರೆ ಕಾರ್ಡಿಗೆ ಆಹಾರ ಇಲಾಖೆಯಲ್ಲಿ ಅರ್ಜಿ ಹಾಕಿ. ಓಡಾಟ ಇದೆ, ಆದರೆ ಇದರಿಂದ ಅಕ್ಕಿಯೂ ನಿಮ್ಮ ಮನೆಗೆ ಬರುತ್ತದೆ. ಇನ್ನೊಂದು, ಮಕ್ಕಳ ರಕ್ಷಣೆಗಿರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ. ಗಂಡ ತೀರಿಕೊಂಡ, ಗಂಡ ಬಿಟ್ಟ ತಾಯಂದಿರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ. ನಗರದವರಿಗೆ ವರ್ಷದ ಆದಾಯದ ಮಿತಿ 96,000. ನಿಮ್ಮದು 1,14,000 ಆಗುತ್ತದೆ, ಹಾಗಾಗಿ ಆಸೆ ಹುಟ್ಟಿಸಲ್ಲ. ನಿಮ್ಮ ವಠಾರದಲ್ಲಿ ಮನೆಗೆಲಸ ಮಾಡಿ ಮಕ್ಕಳನ್ನು ಸಾಕುತ್ತಿರುವವರು ಇದ್ದರೆ ಅವರಿಗೆ ಹೇಳಿ.

ಕೊನೆಗೆ ಆ ಸಹಿ. ಅಪ್ಪನದ್ದು ಬೇಕಿಲ್ಲ. ಮಕ್ಕಳು ನಿಮ್ಮ ಜೊತೆ ಇದ್ದಾರೆ, ಪೋಷಕರು ನೀವೇ, ನಿಮ್ಮ ಸಹಿ ನಡೆಯುತ್ತದೆ. ಆಗಲ್ಲ ಅಂದರೆ "ಯಾವ ನಿಯಮ ಅಂತ ಬರೆದುಕೊಡಿ" ಅಂತ ಮೆತ್ತಗೆ ಕೇಳಿ, ಹೆಚ್ಚಿನ ಕಡೆ ಮಾತು ಅಲ್ಲಿಗೇ ನಿಲ್ಲುತ್ತದೆ. ಶಾಲೆಗೆ ಹೋಗೋಕೆ ಒಂದು ಶನಿವಾರ ರಜೆ ಹಾಕಿ. ಶನಿವಾರ ಬೆಳಗಿನ ಶಾಲೆ, ಪಾಠ ಮುಗಿದ ಮೇಲೆ ಟೀಚರಿಗೂ ಸ್ವಲ್ಪ ಬಿಡುವು. ಮಗಳ ಕ್ಲಾಸ್ ಟೀಚರ್ ಹತ್ತಿರ ಹಾಜರಿ ಪುಸ್ತಕ ತೋರಿಸಿ ಅನ್ನಿ. ಹೋಗುವಾಗ ಮನೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನಕ್ಕೆಲ್ಲ ಗುರುತು ಹಾಕಿ, ಅದನ್ನೂ ಮಡಚಿ ಚೀಲದಲ್ಲಿ ಇಟ್ಟುಕೊಳ್ಳಿ.